ಡಾಂಬರು ಕಾಣದ ದಾರಿಗಳು



‘ಗ್ರಾವೆಲ್’ ಎಂಬ ಮಾತು ಹಾಸನ ಸೀಮೆಯ ನಮಗೆ ಹೊಸತೇನಲ್ಲ. ಪಂಚಾಯಿತಿಯವರು ಗುಡ್ಡದ ಕೆಂಪು ಗರಸನ್ನು ತಂದು ಹಳ್ಳಿಯ ದಾರಿಗೆ ಸುರಿದು ರೋಲರ್ ಓಡಿಸಿದರೆ ‘ಗ್ರಾವೆಲ್ ಹಾಕಿಸಿದ್ದಾರೆ’ ಎನ್ನುತ್ತೇವೆ. ಡಾಂಬರು ಬರುವವರೆಗೆ ಅದೊಂದು ಸಮಾಧಾನ. ಎರಡು ಮಳೆಗಾಲ ಕಳೆದರೆ ಆ ಸಮಾಧಾನವೂ ಕೊಚ್ಚಿಹೋಗಿರುತ್ತದೆ. ಆ ಹೆಸರಿನ ಸೈಕಲ್ಲೊಂದು ಇದೆಯೆಂದೂ, ಅಂತಹ ದಾರಿಗಳನ್ನೇ ಹುಡುಕಿಕೊಂಡು ಜನರು ಬೆಂಗಳೂರಿನಿಂದ ಇಲ್ಲಿಯವರೆಗೆ ಬರುತ್ತಾರೆಂದೂ ನನಗೆ ತಿಳಿದದ್ದು ಈಚಿನ ವರ್ಷಗಳಲ್ಲಿ.

ಈ ಸೈಕಲ್ಲನ್ನು ತಾವು ನೋಡಿರಲೂಬಹುದು. ಹ್ಯಾಂಡಲ್ಲು ಓಟದ ಸೈಕಲ್ಲಿನಂತೆ ಟಗರಿನ ಕೊಂಬಾಗಿ ಬಾಗಿರುತ್ತದೆ. ಆದರೆ ಟೈರುಗಳು ಅಗಲ, ನಾಲ್ಕು ಸೆಂಟಿಮೀಟರಿನ ಆಸುಪಾಸು. ಗಾಳಿಯನ್ನು ಬಿಗಿಯಾಗಿ ತುಂಬುವುದಿಲ್ಲ. ಸ್ವಲ್ಪ ಮೆತ್ತಗಿದ್ದರೆ ಕಲ್ಲಿನ ಮೇಲೆ ಚಕ್ರ ಪುಟಿಯದೆ ನೆಲವನ್ನು ಹಿಡಿದು ಸಾಗುತ್ತದೆ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಎಂಪೋರಿಯ ಎಂಬ ಊರಿನಲ್ಲಿ 2006ರಲ್ಲಿ ಆರಂಭವಾದ 200 ಮೈಲಿಗಳ ಪಂದ್ಯ ಇದಕ್ಕೆ ದೊಡ್ಡ ಪ್ರಚಾರ ತಂದಿತು. ಅದಕ್ಕೂ ಮೊದಲೇ, 1997ರಲ್ಲಿ, ಇಟಲಿಯ ಟಸ್ಕನಿ ಪ್ರಾಂತ್ಯದ ಗಯೋಲೆ ಎಂಬ ಊರಿನವರು ‘ಲೆರೋಯಿಕಾ’ ಎಂಬ ಸೈಕಲ್ ಯಾತ್ರೆಯನ್ನು ಆರಂಭಿಸಿದ್ದರು. ದ್ರಾಕ್ಷಿ ತೋಟಗಳ ನಡುವಿನ ಬಿಳಿ ಮಣ್ಣಿನ ಹಳೆಯ ದಾರಿಗಳು ಒಂದೊಂದಾಗಿ ಡಾಂಬರಿನಡಿ ಮುಚ್ಚಿಹೋಗುತ್ತಿದ್ದುದನ್ನು ತಡೆಯುವುದೇ ಅವರ ಉದ್ದೇಶ. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನನ್ನದು ಅಂಥ ಸೈಕಲ್ಲಲ್ಲ. ಹಿಂದೆ ಕ್ಯಾರಿಯರ್ ಇರುವ ಹಳೆಯ ಕಪ್ಪು ಗಾಡಿ. ಗುರುಮಠದಲ್ಲಿ ಓದುತ್ತಿದ್ದಾಗ ಹತ್ತಿದ ಅಭ್ಯಾಸ ಐವತ್ತು ದಾಟಿದ ಮೇಲೂ ಬಿಟ್ಟಿಲ್ಲ. ಅದರ ಮೇಲೆ ಕುಳಿತು ಕಂಡದ್ದನ್ನು ಹೇಳುತ್ತಿದ್ದೇನೆ.

ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳಲ್ಲಿ ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುತ್ತದೆ. ಎಲ್ಲಿ ಎಂದು ಗೆರೆ ಎಳೆದು ತೋರಿಸಲಾಗದು. ಹಾಸನದ ಪಶ್ಚಿಮಕ್ಕೆ ಹೊರಟರೆ ದಾರಿ ಕೆಂಪಗೆ, ಮೆತ್ತಗೆ, ಮರಗಳ ನೆರಳಿನಲ್ಲಿ ಏರಿಳಿಯುತ್ತದೆ. ಪೂರ್ವಕ್ಕೆ ಹೋದಂತೆ ತೆಂಗು, ರಾಗಿ, ನೆಲದಿಂದೆದ್ದ ಹಾಸುಬಂಡೆ, ಒಂದರ ಕೆಳಗೊಂದು ಕೆರೆ. ಕಾರಿನಲ್ಲಿ ಕುಳಿತವರಿಗೆ ಇದು ಒಂದೇ ಜಿಲ್ಲೆ. ಸೈಕಲ್ಲಿನವನಿಗೆ ಚಕ್ರದ ಸದ್ದೇ ಬದಲಾಗುತ್ತದೆ.

ಇವೆಲ್ಲವನ್ನೂ ಒಂದಾಗಿ ಹೆಣೆದಿರುವುದು ಹೇಮಾವತಿ. ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟಿ ಸುಮಾರು 245 ಕಿಲೋಮೀಟರ್ ಹರಿದು ಕನ್ನಂಬಾಡಿಯ ಬಳಿ ಕಾವೇರಿಯನ್ನು ಸೇರುವ ಈ ನದಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣವಾಯಿತು. ಜಲಾಶಯದ ಗರಿಷ್ಠ ಮಟ್ಟ ಸಮುದ್ರದಿಂದ 2,922 ಅಡಿ. ತುಂಬಿದಾಗ 37 ಟಿಎಂಸಿಗೂ ಮಿಗಿಲಾದ ನೀರು. ಅಲ್ಲಿಂದ ಎಡದಂಡೆ ಮತ್ತು ಬಲದಂಡೆ ನಾಲೆಗಳು ಹೊರಡುತ್ತವೆ. ನಾಲೆಯ ಮಗ್ಗುಲಲ್ಲೇ ನೀರಾವರಿ ಇಲಾಖೆಯವರು ತಪಾಸಣೆಗೆಂದು ಮಾಡಿಕೊಂಡ ಮಣ್ಣಿನ ದಾರಿಯಿದೆ. ನಮ್ಮ ಜನರ ಬಾಯಲ್ಲಿ ಅದು ‘ಚಾನಲ್ ಏರಿ’.

ಸೈಕಲ್ಲಿನವರಿಗೆ ಈ ಏರಿ ಏಕೆ ಪ್ರಿಯವೆಂದರೆ, ನಾಲೆಯ ನೀರಿಗೆ ಗುಡ್ಡ ಹತ್ತಲು ಬಾರದು. ಅದು ತಾನಾಗಿ ಹರಿಯುವಷ್ಟೇ, ಕಣ್ಣಿಗೆ ಕಾಣದಷ್ಟೇ ಇಳಿಜಾರನ್ನು ಉಳಿಸಿಕೊಂಡು ಗುಡ್ಡಗಳ ಸೊಂಟವನ್ನು ಬಳಸುತ್ತಾ ಹೋಗುತ್ತದೆ. ನೀರಿಗಾಗಿ ಮಟ್ಟ ಹಿಡಿದ ಎಂಜಿನಿಯರು ತನಗರಿವಿಲ್ಲದೆಯೇ ಸೈಕಲ್ ಸವಾರನ ಕೆಲಸವನ್ನೂ ಮಾಡಿಟ್ಟಿದ್ದಾನೆ. ಒಂದು ಕಡೆ ನೀರು, ಇನ್ನೊಂದು ಕಡೆ ಕೆಳಗೆ ಭತ್ತದ ಗದ್ದೆ. ಗೊರೂರಿನಿಂದ ಹೊಳೆನರಸೀಪುರದ ಕಡೆಗೆ ಬೆಳಗಿನ ಹೊತ್ತು ಹೊರಟರೆ ಎದುರಾಗುವುದು ಎಮ್ಮೆ, ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡು, ಇಷ್ಟೇ.

ಅಣೆಕಟ್ಟಿನ ಇನ್ನೊಂದು ಮುಖ ಹಿನ್ನೀರಿನಲ್ಲಿದೆ. ಶೆಟ್ಟಿಹಳ್ಳಿಯಲ್ಲಿ 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಜಪಮಾಲೆ ಮಾತೆಯ ದೇವಾಲಯವನ್ನು ನಮ್ಮ ಓದುಗರಿಗೆ ಪರಿಚಯಿಸಬೇಕಾಗಿಲ್ಲ. ಅಲ್ಲಿಂದ ಎದ್ದು ಬಂದ ಕುಟುಂಬಗಳವರೇ ಈ ಪುಟವನ್ನು ಓದುತ್ತಿರಬಹುದು. ಸೈಕಲ್ಲಿನವರೆಲ್ಲ ಅಲ್ಲಿಗೆ ಹೋಗಿಯೇ ಹೋಗುತ್ತಾರೆ, ಕಮಾನಿನ ಕೆಳಗೆ ಗಾಡಿ ನಿಲ್ಲಿಸಿ ಚಿತ್ರ ತೆಗೆಯುತ್ತಾರೆ. ನೀರು ಇಳಿದ ತಿಂಗಳುಗಳಲ್ಲಿ ಒಡೆದ ಕೆಸರಿನ ನೆಲದ ಮೇಲೆ ಚಕ್ರ ಹಾಯಾಗಿ ಓಡುತ್ತದೆ ನಿಜ. ಆ ನೆಲ ಒಂದು ಕಾಲಕ್ಕೆ ಯಾರದೋ ಹೊಲ, ಯಾರದೋ ಅಂಗಳ ಎಂಬುದನ್ನು ಅಲ್ಲಿ ನೆಟ್ಟ ಯಾವ ಫಲಕವೂ ಅವರಿಗೆ ಹೇಳದು. ಆ ಅಂಗಳ ಮುಳುಗಿದ್ದರಿಂದಲೇ ಕೆಳಗಿನ ನಾಲೆ ಏರಿ ಹುಟ್ಟಿತು. ಆದ್ದರಿಂದ ಈ ಎರಡು ದಾರಿಗಳನ್ನು ಬೇರೆ ಬೇರೆಯಾಗಿ ನೋಡಲು ನನ್ನಿಂದಾಗುವುದಿಲ್ಲ.

ಇನ್ನು ಅರಕಲಗೂಡಿನ ಕಡೆ. ಈ ಊರು ಹೇಮಾವತಿಗೂ ಕಾವೇರಿಗೂ ನಡುವಿನ ದಿಣ್ಣೆಯ ಮೇಲಿದೆ. ಇಲ್ಲಿಂದ ರಾಮನಾಥಪುರಕ್ಕೆ ಒಳದಾರಿಗಳಲ್ಲಿ ಹೋದರೆ ಒಂದು ನದಿಯ ಕಣಿವೆಯಿಂದ ಇನ್ನೊಂದಕ್ಕೆ ಇಳಿದಂತಾಗುತ್ತದೆ. ಆಲೂಗಡ್ಡೆ, ತಂಬಾಕಿನ ಹೊಲಗಳು, ಹೊಗೆಸೊಪ್ಪು ಹದಮಾಡುವ ಬ್ಯಾರನ್ನುಗಳು. ಕೊನೆಗೆ ಕಾವೇರಿಯ ದಂಡೆ, ಸೋಪಾನ, ಹಿಡಿಯಬಾರದೆಂದು ಜನ ಕಾಪಾಡಿಕೊಂಡು ಬಂದ ದೇವರ ಮೀನುಗಳು. ಸೈಕಲ್ಲಿಗೆ ಇದಕ್ಕಿಂತ ಒಳ್ಳೆಯ ದಾರಿಯನ್ನು ನಾನು ಕಂಡಿಲ್ಲ.

ಇಂಥದೇ ಒಂದು ದಾರಿಯಲ್ಲಿ, ಇಪ್ಪತ್ತು ಮೂವತ್ತು ಮನೆಗಳಷ್ಟಿರುವ ಒಂದು ಕೊಪ್ಪಲಿನ ಬಳಿ, ಹೊಂಗೆಯ ನೆರಳಿನಲ್ಲಿ ನೀರು ಕೇಳಿ ಕುಡಿಯುತ್ತಿದ್ದೆ. ಕೊಟ್ಟ ಅಜ್ಜಿ ಕೇಳಿದರು: “ಅಲ್ಲಾ ಸ್ವಾಮಿ, ಅತ್ಲಾಗೆ ಟಾರು ರೋಡೈತೆ. ನೀವ್ಯಾಕೆ ಈ ಹಾಳು ದಾರೀಲಿ ಬತ್ತೀರಾ? ಮೊನ್ನೆ ಪ್ಯಾಂಟು ಚಡ್ಡಿ ಹಾಕ್ಕೊಂಡ್ ಹುಡುಗ್ರೂ ಇಲ್ಲೇ ಬಂದಿದ್ರು.” ದಾರಿ ಚೆನ್ನಾಗಿದೆಯೆಂದು ಬಂದೆ ಎಂದೆ. ಅವರು ನಕ್ಕರು. “ಚೆಂದಾಗೈತೆ! ನನ್ ಸೊಸೆ ದಿನ ತುಂಬಿ ನೋವು ಬಂದಾಗ ಆಟೋದವ್ನು ಒಳೀಕೆ ಬರಾಕಿಲ್ಲ ಅಂದ. ಮಂಚದ ಮ್ಯಾಲೆ ಹೊತ್ಕೊಂಡು ಹೋದ್ವಿ. ಮಳೆಗಾಲ್ದಾಗೆ ಬಂದು ಹೇಳಿ ಸ್ವಾಮಿ, ಚೆಂದಾಗೈತೆ ಅಂತ.”

ನಾನು ಮತ್ತೇನೂ ಹೇಳಲಿಲ್ಲ.

2000ದ ಡಿಸೆಂಬರ್ 25ರಂದು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಆರಂಭವಾದಾಗ, ಬಯಲು ಪ್ರದೇಶದಲ್ಲಿ 500 ಜನಸಂಖ್ಯೆ ಇರುವ ಊರುಗಳಿಗೆ ಸರ್ವಋತು ರಸ್ತೆ ಎಂಬ ನಿಯಮ ಮಾಡಿದರು. ಒಳ್ಳೆಯದೇ ಆಯಿತು, ಬಹಳ ಊರುಗಳ ಕೆಸರು ನೀಗಿತು. ಆದರೆ ನಮ್ಮ ಕೊಪ್ಪಲುಗಳು, ಹಟ್ಟಿಗಳು ಆ ಲೆಕ್ಕದ ಕೆಳಗೆ ಉಳಿದವು. ನಕ್ಷೆ ನೋಡಿ ಸೈಕಲ್ಲಿನವರು ಹುಡುಕುವ ‘ಚೆಂದದ ದಾರಿ’ಗಳಲ್ಲಿ ಅನೇಕವು ಹೀಗೆ ಉಳಿದವೇ.

ಈಗ ಟಸ್ಕನಿಗೆ ಮರಳೋಣ. ಅಲ್ಲಿ ತಮ್ಮ ದಾರಿಯನ್ನು ಉಳಿಸಬೇಕೆಂದು ಹೊರಟವರು ಆ ಊರಿನವರೇ. ಇಲ್ಲಿ ರವಿವಾರಕ್ಕೊಮ್ಮೆ ಬಂದು ಹೋಗುವವರಿಗೆ, ನನ್ನನ್ನೂ ಸೇರಿಸಿಯೇ ಹೇಳುತ್ತೇನೆ, ‘ಈ ಮಣ್ಣು ಹೀಗೇ ಇರಲಿ’ ಎನ್ನುವ ಅಧಿಕಾರವಿಲ್ಲ. ಮನೆಗಳಿರುವಲ್ಲಿಗೆ ಹೋಗುವ ದಾರಿಗೆ ಡಾಂಬರು ಬರಲಿ, ನಾಳೆಯೇ ಬರಲಿ. ನನ್ನ ವಾದ ಬೇರೆ ಬಗೆಯ ದಾರಿಗಳ ಕುರಿತು: ಕೆರೆ ಏರಿ, ನಾಲೆ ಏರಿ, ಹೊಲದಿಂದ ಹೊಲಕ್ಕೆ ಹೋಗುವ ಗಾಡಿ ಜಾಡು. ಇವು ಯಾವ ಊರನ್ನೂ ಆಸ್ಪತ್ರೆಗೆ ಜೋಡಿಸುವುದಿಲ್ಲ. ಇವಕ್ಕೆ ಡಾಂಬರು ಸುರಿದರೆ ಬರುವುದು ಇಟ್ಟಿಗೆ ಲಾರಿ, ಮರಳು ಲಾರಿ. ಅವುಗಳ ಭಾರಕ್ಕೆ ಏರಿಯೇ ಕುಸಿಯುತ್ತದೆ. ಇವನ್ನು ಎತ್ತಿನ ಕಾಲಿಗೆ, ಶಾಲೆಯ ಮಕ್ಕಳಿಗೆ, ಸೈಕಲ್ಲಿಗೆ ಬಿಟ್ಟುಬಿಡುವುದು ಮೇಲು. 2006-07ರಲ್ಲಿ ರಾಜ್ಯ ಸರ್ಕಾರ ಪ್ರೌಢಶಾಲೆಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲಾರಂಭಿಸಿದಾಗ ಹಳ್ಳಿಯ ಹೆಣ್ಣುಮಕ್ಕಳು ಸಾಲುಸಾಲಾಗಿ ಹೊರಟದ್ದು ಇಂಥ ದಾರಿಗಳಲ್ಲೇ. ಪೇಟೆಯ ತರುಣರಿಗಿಂತ ಮೊದಲಿನ ಗ್ರಾವೆಲ್ ಸವಾರರು ಅವರು. ಪಂಕ್ಚರಾದರೆ ತಳ್ಳಿಕೊಂಡೇ ಹೋಗುತ್ತಿದ್ದರು.

ನಿಮ್ಮ ಮನೆಯ ಮಕ್ಕಳು ಈ ದಾರಿಗಳಿಗೆ ಹೊರಟರೆ ಒಂದು ಮಾತನ್ನು ತಪ್ಪದೆ ಹೇಳಿ ಕಳುಹಿಸಿ. ಹೇಮಾವತಿ ನಾಲೆಯ ಅಂಚು ನದಿಯ ದಂಡೆಯಂತಲ್ಲ. ಕಾಂಕ್ರೀಟಿನ ಓರೆ ಗೋಡೆ, ಅದರ ಮೇಲೆ ಪಾಚಿ. ನೀರು ಹರಿಯುವಾಗ ಜಾರಿದರೆ ಈಜು ಬಲ್ಲವರಿಗೂ ಹಿಡಿದು ಹತ್ತಲು ಏನೂ ಸಿಗುವುದಿಲ್ಲ. ಕೈಕಾಲು ತೊಳೆಯಲು ಸಹ ಇಳಿಯಬಾರದು; ಮೆಟ್ಟಿಲು ಇರುವಲ್ಲಿ, ಊರಿನವರು ಬಟ್ಟೆ ಒಗೆಯುವಲ್ಲಿ ಮಾತ್ರ, ಅದೂ ಅವರನ್ನು ಕೇಳಿ. ಇಬ್ಬರು ಜೊತೆಯಾಗಿ ಹೋದರೆ ಅಕ್ಕಪಕ್ಕ ಬೇಡ, ಹಿಂದೆ ಮುಂದೆ ಇರಲಿ.

ಕಾಲವನ್ನೂ ನೋಡಿ ಹೊರಡಬೇಕು. ಜುಲೈ ಆಗಸ್ಟಿನ ಕೆಂಪು ಜೇಡಿ ಚಕ್ರಕ್ಕೆ ಮೆತ್ತಿಕೊಂಡು ಮಡ್‌ಗಾರ್ಡಿನಲ್ಲಿ ಇಟ್ಟಿಗೆಯಾಗುತ್ತದೆ. ನವೆಂಬರಿನಿಂದ ಫೆಬ್ರವರಿ ಪ್ರಶಸ್ತ. ಆದರೆ ಆಗ ಡಾಂಬರು ರಸ್ತೆಯ ತುಂಬ ರೈತರು ರಾಗಿಯನ್ನೂ ಹುರುಳಿಯನ್ನೂ ಹರಡಿರುತ್ತಾರೆ, ಬಸ್ಸಿನ ಚಕ್ರವೇ ಒಕ್ಕಣೆ ಮಾಡಲೆಂದು. ಹುರುಳಿಯ ಬಳ್ಳಿ ಚೈನಿಗೆ ಸುತ್ತಿಕೊಂಡರೆ ಬಿಡಿಸಲು ಅರ್ಧ ಗಂಟೆ ಬೇಕು. ಮಣ್ಣು ದಾರಿಯನ್ನು ಹಿಡಿಯಲು ಇದೂ ಒಂದು ಕಾರಣವೆನ್ನಿ.

ಹೊಳೆನರಸೀಪುರ ದಾಟಿ ಚನ್ನರಾಯಪಟ್ಟಣದ ಸೀಮೆಗೆ ಬಂದರೆ ನೆಲ ತೆರೆದುಕೊಳ್ಳುತ್ತದೆ. ಬೆಳಕು ಚೆನ್ನಾಗಿದ್ದ ದಿನ ಯಾವುದಾದರೂ ಕೆರೆ ಏರಿಯ ಮೇಲೆ ನಿಂತರೆ ದೂರದಲ್ಲಿ ಶ್ರವಣಬೆಳಗೊಳದ ವಿಂಧ್ಯಗಿರಿ ಕಾಣುತ್ತದೆ, ಅದರ ನೆತ್ತಿಯಲ್ಲಿ ಗೊಮ್ಮಟ. ದಾರಿ ತಪ್ಪಿದವರಿಗೆ ದಿಕ್ಕು ತೋರಿಸುವ ಕೆಲಸವನ್ನೂ ಆ ಬೆಟ್ಟ ಮಾಡುತ್ತದೆ. ಈ ಕಡೆ ಜಾಲಿಮುಳ್ಳು ಹೆಚ್ಚು. ಟ್ಯೂಬು, ಪಂಪು ಇಲ್ಲದೆ ಬರಬೇಡಿ, ಪಂಕ್ಚರ್ ಅಂಗಡಿ ಹುಡುಕಿದರೆ ಸಿಗುವುದು ಹೆದ್ದಾರಿಯಲ್ಲಿ ಮಾತ್ರ. ಬಾಗೂರಿನ ಕಡೆಗೆ ಸಾಗಿದ ನಾಲೆ ಅಲ್ಲಿ ಗುಡ್ಡದೊಳಗಿನ ಸುರಂಗವನ್ನು ಹೊಕ್ಕು ನವಿಲೆಯ ಕಡೆ ಹೊರಬಂದು ತುಮಕೂರಿನ ದಾರಿ ಹಿಡಿಯುತ್ತದೆ. ಏರಿ ಅಲ್ಲಿಗೆ ನಿಲ್ಲುತ್ತದೆ. ಸೈಕಲ್ಲಿನವರು ಇಳಿದು, ನೀರಿನ ಬಾಟಲಿ ತುಂಬಿಕೊಂಡು, ಡಾಂಬರು ರಸ್ತೆಯಲ್ಲಿ ಚನ್ನರಾಯಪಟ್ಟಣಕ್ಕೆ ತಿರುಗಬೇಕು.