ಸಾಣೆಯ ಮುಂದೆ

ವಿಜಯನಗರದ ಅಡ್ಡರಸ್ತೆಯೊಂದರ ಮನೆಯ ಹಿತ್ತಲಲ್ಲಿ ತಗಡು ಹೊದಿಸಿದ ಪುಟ್ಟ ಕೊಠಡಿಯೊಂದಿದೆ. ಒಳಗೆ ನಾಲ್ಕೂವರೆ ಅಡಿಯ ಹಳೆಯ ಲೇತು, ಒಂದು ಸಾಣೆಯಂತ್ರ, ಗೋಡೆಯ ಮೊಳೆಗೆ ತೂಗುಹಾಕಿದ ಎರಡು ರಕ್ಷಣಾ ಕನ್ನಡಕಗಳು. ಒಡೆಯರು ನಿವೃತ್ತ ಟರ್ನರು. ಬೀದಿಯವರಿಗೆಲ್ಲ ‘ಲೇತು ತಾತ’.

ಈ ಕಡೆಯ ಬೆಂಗಳೂರಿಗೆ ಲೇತಿನ ಸದ್ದು ಹೊಸದಲ್ಲ. 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾಗಿ ಇಂದು ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ, 1953ರಲ್ಲಿ ಬೆಂಗಳೂರಿನಲ್ಲೇ ಜನಿಸಿದ ಎಚ್.ಎಂ.ಟಿ., ಇವುಗಳ ಹೆಸರನ್ನು ರಾಜಾಜಿನಗರ, ಕಾಮಾಕ್ಷಿಪಾಳ್ಯಗಳ ಕಾರ್ಮಿಕರು ಮನೆಮಾತಿನಂತೆ ಬಲ್ಲರು. ಆದರೆ ಲೇತು ಲೋಹವನ್ನು ತಿರುಗಿಸುವುದಷ್ಟೆ. ಕತ್ತರಿಸುವುದು ಬೆರಳುದ್ದದ ಉಕ್ಕಿನ ತುಂಡು. ಅದಕ್ಕೆ ಮೂತಿ ಕೊಡುವುದು ಸಾಣೆಯ ಮುಂದೆ ನಿಂತ ಕೈ.

ಹಿಂದೆ ಈ ತುಂಡು ಇಂಗಾಲದ ಉಕ್ಕಿನದಾಗಿತ್ತು. ಕೆಲಸದ ಬಿಸಿ ಇನ್ನೂರು-ಇನ್ನೂರೈವತ್ತು ಡಿಗ್ರಿ ಮುಟ್ಟುತ್ತಲೇ ಅದರ ಹದ ಇಳಿಯುತ್ತಿತ್ತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅಮೆರಿಕದ ಟೇಲರ್ ಮತ್ತು ವೈಟ್ ಇವರ ಉಕ್ಕು ಕೆಂಪಗೆ ಕಾಯ್ದೂ ಲೋಹ ಸೀಳಿದಾಗ ಜಗತ್ತು ಬೆರಗಾಯಿತು. ಅದರ ವಂಶದ್ದೇ ಹೈಸ್ಪೀಡ್ ಸ್ಟೀಲು: ನೂರಕ್ಕೆ 18 ಭಾಗ ಟಂಗ್‌ಸ್ಟನ್, 4 ಕ್ರೋಮಿಯಂ, 1 ವೆನೇಡಿಯಂ. ತಾತನ ಡಬ್ಬಿಯಲ್ಲಿರುವ ತುಂಡುಗಳು ಬಹುಪಾಲು ಇಂಥವೇ. ಮೂತಿಯ ಕೆಳಗೆ 6ರಿಂದ 8 ಡಿಗ್ರಿ ಇಳಿಜಾರು ಬೇಕು, ಇಲ್ಲವಾದರೆ ಅಂಚು ಕತ್ತರಿಸದೆ ಉಜ್ಜುತ್ತದೆ. ಮೆದು ಉಕ್ಕಿಗೆ ಮೇಲ್ಮೈಯಲ್ಲೂ ಓರೆ ಬೇಕು. ಹಿತ್ತಾಳೆಗಾದರೋ ಮೇಲ್ಮೈ ಸಮತಟ್ಟಾಗಿರಬೇಕು, ಓರೆಯಿದ್ದರೆ ಟೂಲು ಲೋಹವನ್ನು ಕಚ್ಚಿ ಒಳಗೆಳೆದುಕೊಳ್ಳುತ್ತದೆ. ರಂಧ್ರ ದೊಡ್ಡದು ಮಾಡುವ ಬೋರಿಂಗ್ ಬಾರನ್ನು ತಾತ ಗುಜರಿಯಲ್ಲಿ ಸಿಕ್ಕ ಸರಳಿಗೆ ಅಡ್ಡತೂತು ಕೊರೆದು, ಅದರಲ್ಲಿ ಚಿಕ್ಕ ತುಂಡೊಂದನ್ನು ತಿರುಪಿನಿಂದ ಬಿಗಿದು ತಾವೇ ಮಾಡಿಕೊಂಡಿದ್ದಾರೆ. ಕಾರ್ಬೈಡ್ ತುದಿಗಳು ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವಾಗ ಈ ಶ್ರಮವೇಕೆಂದು ಕೇಳುವವರುಂಟು. ಪೀಣ್ಯದ ಗಣಕಚಾಲಿತ ಯಂತ್ರಗಳಿಗೆ ಅದೇ ಸರಿ. ಒಂದೇ ಒಂದು ಬುಷ್ ಮಾಡಿಸಲು ಬರುವ ಹಿಟ್ಟಿನ ಗಿರಣಿಯವರಿಗೆ, ಹಳೆಯ ನಿಧಾನಗತಿಯ ಲೇತಿಗೆ, ಕೈಯಲ್ಲಿ ಸಾಣೆ ಹಿಡಿದ ಮೂತಿಯೇ ಲೇಸು.

ಹನ್ನೆರಡನೆಯ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವಪ್ಪನೆಂಬ ಬಡಗಿಯಿದ್ದನು. ಹೆಸರಿನಲ್ಲೇ ಬಾಚಿಯನ್ನು ಹೊತ್ತವನು! ಕೆಲಸಕ್ಕಷ್ಟೇ ಅಲ್ಲ, ಕೆಲಸದ ಸಾಧನಕ್ಕೂ ಸಂದ ಮರ್ಯಾದೆ ಅದು.

ಆದರೆ ಈ ವಿದ್ಯೆಗೆ ತಾತ ತೆತ್ತ ಬೆಲೆಯೂ ಸಣ್ಣದಲ್ಲ. ತಾರುಣ್ಯದಲ್ಲಿ, ಕನ್ನಡಕ ಕೊಡದ ಒಂದು ಕಾರ್ಖಾನೆಯಲ್ಲಿ, ಸಾಣೆಯಿಂದ ಸಿಡಿದ ಕಣವೊಂದು ಎಡಗಣ್ಣನ್ನು ಮಂಜಾಗಿಸಿತು. ಈಗ ಬಲಗಣ್ಣಿಗೆ ಪೊರೆ. ಶಸ್ತ್ರಚಿಕಿತ್ಸೆಯೆಂದರೆ ಅವರಿಗೆ ಅಂಜಿಕೆ. ಇರುವುದೊಂದೇ ಕಣ್ಣು, ಅಂಜದಿರುವುದಾದರೂ ಹೇಗೆ? ಕೋನ ಅಳೆಯುವ ತಗಡಿನ ಗೆರೆಗಳು ಕಾಣದಾಗಿವೆ. ಅಂಚಿನ ಮೊನೆಯನ್ನು ಉಗುರಿನ ಮೇಲೆ ಹಗುರವಾಗಿ ಇಟ್ಟು ನೋಡುತ್ತಾರೆ: ಜಾರಿದರೆ ಮೊಂಡು, ನಿಂತರೆ ಹರಿತ.

ಎದುರುಮನೆಯ ಐ.ಟಿ.ಐ. ಹುಡುಗ ಈಚೆಗೆ ಸಂಜೆ ಬರುತ್ತಾನೆ. ಮೊದಲ ದಿನವೇ ಎರಡನೆಯ ಕನ್ನಡಕ ಮೊಳೆಯಿಂದಿಳಿಯಿತು. ಆರು ತುಂಡುಗಳನ್ನು ಅವನು ಕೆಡಿಸಿದನು. ಒಂದನ್ನು ಅತಿಯಾಗಿ ಕಾಯಿಸಿ ತಟ್ಟನೆ ನೀರಿಗದ್ದಿ ಕೂದಲೆಳೆಯಂಥ ಬಿರುಕು ತರಿಸಿದನು. ತಾತ ಗದರಲಿಲ್ಲ; ಆ ಬಿರುಕನ್ನು ತಮಗೆ ಕಾಣದಿದ್ದರೂ ಅವನಿಗೇ ಹುಡುಕಿ ತೋರಿಸೆಂದರು.

ಏಳನೆಯದನ್ನು ಲೇತಿಗೆ ಬಿಗಿದು ಉಕ್ಕಿನ ದಂಡದ ಮುಖವನ್ನು ಸಮಗೊಳಿಸಿದಾಗ ಸುರುಳಿ ಒಂದೇ ಸಮನೆ ಇಳಿಯಿತು. ಯಂತ್ರ ನಿಂತಮೇಲೆ ತಾತ ಹೆಬ್ಬೆರಳನ್ನು ಆ ಮುಖದ ನಡುವೆ ಆಡಿಸಿದರು.

“ಇಲ್ಲೊಂದು ಮೊಳಕೆ ಉಳಿದಿದೆಯಪ್ಪಾ. ಟೂಲು ಸೆಂಟರಿಗಿಂತ ಕೆಳಗಿದೆ.”

“ಸಾಣೆ ಸರಿಯಿದೆಯಾ, ತಾತ?”

“ಸಾಣೆ ಸರಿಯಿದೆ. ಹಳೇ ಗರಗಸದ ಬ್ಲೇಡಿನ ತುಂಡು ಡಬ್ಬಿಯಲ್ಲಿದೆ ನೋಡು, ಒಂದನ್ನು ಅಡಿಗೆ ಕೊಡು.”

ಹುಡುಗ ಡಬ್ಬಿ ತಡಕತೊಡಗಿದನು. ತಾತನ ಹೆಬ್ಬೆರಳು ಇನ್ನೂ ಆ ಮೊಳಕೆಯ ಮೇಲೆಯೇ ಇತ್ತು.