ಮಚ್ಚಿನ ಪಾಠ

ಸತ್ಯಮಂಗಲದಿಂದ ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ ಬಂದವರಿಗೆ ನಮ್ಮ ತಾಳವಾಡಿ ಸೀಮೆಯಲ್ಲಿ ತಂಪುಗಾಳಿಯೊಡನೆ ಕನ್ನಡವೂ ಎದುರಾಗುತ್ತದೆ. ಇಲ್ಲಿ ಮೂವತ್ತು ವರ್ಷ ಪಾಠ ಹೇಳಿದ ನಾನು ಮಚ್ಚು ಹಿಡಿಯಲು ಕಲಿತದ್ದು ಐವತ್ತು ದಾಟಿದ ಮೇಲೆ.

ಸಂತೆಯಲ್ಲಿ ಹೊಳೆಯುವ ದೊಡ್ಡ ಮಚ್ಚೊಂದನ್ನು ಕೊಂಡು, ಬೇಲಿಗೆಂದು ಬಿದಿರು ಸೀಳಹೋಗಿ, ಎಡಗೈ ಹೆಬ್ಬೆರಳನ್ನು ಕೊಯ್ದುಕೊಂಡೆನು. ನೆರೆಯ ಸೋಲಿಗರ ತಾತ ಅದನ್ನು ಕಂಡು, "ಮೇಷ್ಟ್ರೇ, ಹೊಳಪು ನೋಡಬ್ಯಾಡಿ, ನಿಮ್ಮ ಕೈಗೆ ಒಗ್ತದಾ ನೋಡಿ" ಎಂದರು.

ಮರುವಾರ ಅವರೊಡನೆ ಕುಲುಮೆಗೆ ಹೋದೆನು. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಬಡಿದ ಗಿಡ್ಡ ಮಚ್ಚೊಂದನ್ನು ಅವರು ಆರಿಸಿದರು. ಅಲಗಿನ ಬಾಲವು ಹಿಡಿಯ ತುದಿಯವರೆಗೆ ಹೋಗಿದೆಯೇ, ಹಿಡಿ ಅಲುಗುವುದೇ, ಬೀಸಿದರೆ ಮಣಿಕಟ್ಟು ಸೋಲುವುದೇ ಎಂಬ ಮೂರೇ ಪರೀಕ್ಷೆಗಳು. ಇಂಥ ಉಕ್ಕಿಗೆ ತುಕ್ಕು ಬೇಗ. ಒರೆಸಿ ಎಣ್ಣೆ ಸವರಿಡಬೇಕು. ಆದರೆ ಸಾಣೆಕಲ್ಲಿಗೆ ಸುಲಭವಾಗಿ ಹರಿತಗೊಳ್ಳುತ್ತದೆ.

ಸುತ್ತಲಿನ ಕಾಡು 2013ರಿಂದ ಹುಲಿ ಮೀಸಲು ಪ್ರದೇಶ. ಅಲ್ಲಿ ಕೊಂಬೆ ಕಡಿಯುವಂತಿಲ್ಲ. ಆದುದರಿಂದ ನನ್ನ ಕಲಿಕೆಯೆಲ್ಲ ಹಿತ್ತಲಿನ ಬಿದಿರುಮೆಳೆಯ ಬಳಿಯೇ ನಡೆಯಿತು. ಏಟಿನ ದಾರಿಯಲ್ಲಿ ಕಾಲಿರಬಾರದು. ಮೈಯಿಂದ ಆಚೆಗೆ ಕೊಯ್ಯಬೇಕು. ಮತ್ತೊಬ್ಬರಿಗೆ ಕೊಡುವಾಗ ಮಚ್ಚನ್ನು ನೆಲದ ಮೇಲಿಡಬೇಕು. ಬಿದಿರಿನ ತುದಿಗೆ ಅಲಗನ್ನು ಕೂರಿಸಿ, ಅದರ ಬೆನ್ನಿಗೆ ಕೊರಡಿನಿಂದ ಬಡಿದರೆ ಸೀಳು ತಾನಾಗಿ ಓಡುತ್ತದೆ.

ಹೀಗೆ ನನ್ನ ಬೆರಳುಗಳನ್ನು ಸರಿಯಾಗಿ ಕೂರಿಸಿದವನು ತಾತನ ಮೊಮ್ಮಗ. ತರಗತಿಯಲ್ಲಿ ಆತನನ್ನು ನಾನು ದಡ್ಡನೆಂದೇ ಎಣಿಸಿದ್ದೆನು. ಅಂದು ಅವನು ಒಮ್ಮೆಯೂ ನಗಲಿಲ್ಲ. ತಪ್ಪಿದಾಗಲೆಲ್ಲ, "ಇನ್ನೊಂದ್ಸಲ ಮಾಡಿ ಸಾರ್" ಎಂದನು. ಅಷ್ಟು ತಾಳ್ಮೆಯಿಂದ ಅವನಿಗೆ ನಾನೆಂದೂ ಪಾಠ ಹೇಳಿರಲಿಲ್ಲ.