ಎಬೆಟ್ಸ್ ಫೀಲ್ಡಿನ ಹರಕು ಚೀಟಿ

ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದಲ್ಲಿ ಎಬೆಟ್ಸ್ ಫೀಲ್ಡನ್ನು ಅರಸಿ ಹೋದವರಿಗೆ ಇಂದು ಕಾಣುವುದು ಆಟದ ಬಯಲಲ್ಲ, ಮುಗಿಲೆತ್ತರದ ವಾಸದ ಕಟ್ಟಡಗಳು. ೧೯೧೩ರಲ್ಲಿ ತೆರೆದ ಆ ಬೇಸ್‌ಬಾಲ್ ಮೈದಾನವನ್ನು ೧೯೬೦ರಲ್ಲಿ ಕೆಡವಿದರು. ಅದನ್ನು ನೆಚ್ಚಿದ್ದ ಡಾಡ್ಜರ್ಸ್ ತಂಡವು ಅದಕ್ಕೆ ಮುಂಚೆಯೇ ಲಾಸ್ ಏಂಜಲೀಸಿಗೆ ಹೊರಟುಹೋಗಿದ್ದಿತು.

ಇಟ್ಟಿಗೆ ಉಳಿಯದ ಎಡೆಯಲ್ಲಿ ಕಾಗದ ಉಳಿದಿದೆ. ಬಾಗಿಲಿನವನು ಟಿಕೀಟನ್ನು ಹರಿದು ಒಂದು ತುಂಡನ್ನು ಪ್ರೇಕ್ಷಕನಿಗೆ ಹಿಂದಿರುಗಿಸುತ್ತಿದ್ದನು. ಮಳೆಯಿಂದ ಆಟ ಕೆಟ್ಟರೆ ಇನ್ನೊಂದು ದಿನದ ಪ್ರವೇಶಕ್ಕೆ ಅದೇ ರಹದಾರಿ. ಆಟವು ಸಾಂಗವಾಗಿ ಮುಗಿದರೆ ಅದರಿಂದ ಪ್ರಯೋಜನವೇನು? ಬಹುಮಂದಿ ಬಿಸಾಡಿದರು, ಕೆಲವರು ಪುಸ್ತಕದ ನಡುವೆ ಇರಿಸಿ ಮರೆತರು.

೧೯೪೭ನೆಯ ಏಪ್ರಿಲ್ ೧೫ರಂದು ಜಾಕಿ ರಾಬಿನ್‌ಸನ್ ಇಲ್ಲಿ ಡಾಡ್ಜರ್ಸ್ ಪರವಾಗಿ ಕಣಕ್ಕಿಳಿದನು. ಅರ್ಧ ಶತಮಾನಕ್ಕೂ ಮೀರಿ ಕಪ್ಪು ಜನರಿಗೆ ಮುಚ್ಚಿದ್ದ ಮೇಜರ್ ಲೀಗಿನ ಬಾಗಿಲು ಅಂದು ತೆರೆಯಿತು. ಆತನ ದಾಂಡಿನ ಹೊಡೆತವೊಂದೂ ಆ ದಿನ ಫಲಿಸಲಿಲ್ಲ. ಆದರೂ ತಂಡವನ್ನು ಮುಂದಕ್ಕೆ ತಂದ ಓಟ ಆತನದೇ. ಬಾಸ್ಟನ್ ತಂಡವು ೫-೩ರಿಂದ ಸೋತಿತು. ನೆರೆದವರು ೨೫,೦೦೦ಕ್ಕೂ ಹೆಚ್ಚು. ಅವರ ಕೈಯಲ್ಲಿದ್ದ ಚೀಟಿಗಳಲ್ಲಿ ಉಳಿದವು ಬೆರಳೆಣಿಕೆಯಷ್ಟು. ಅಂಥದೊಂದು ತುಂಡು ೨೦೨೨ರ ಹರಾಜಿನಲ್ಲಿ ೪,೮೦,೦೦೦ ಡಾಲರಿಗೆ ಮಾರಿತು.

ಇವನ್ನು ಗುರುತಿಸುವುದಕ್ಕೂ ತಾಳ್ಮೆ ಬೇಕು. ಹಲವು ಹಳೆಯ ಟಿಕೀಟುಗಳಲ್ಲಿ ತಾರೀಖಿರದೆ ಆಟದ ಸಂಖ್ಯೆ ಮಾತ್ರ ಇರುವುದುಂಟು. ಸಂಗ್ರಾಹಕರು ಆ ವರ್ಷದ ಪಂದ್ಯಗಳ ಪಟ್ಟಿಯೊಡನೆ ಅದನ್ನು ಹೋಲಿಸಿ ದಿನವನ್ನು ನಿಶ್ಚಯಿಸುವರು. ಈಗಲಾದರೋ ಟಿಕೀಟು ಬಹುಪಾಲು ಮೊಬೈಲಿನಲ್ಲಿಯೇ ಬರುವುದು. ಹರಿಯಲು ಕಾಗದವಿಲ್ಲ, ಮೊಮ್ಮಕ್ಕಳಿಗೆ ಪುಸ್ತಕದ ನಡುವೆ ಸಿಕ್ಕುವುದೂ ಇಲ್ಲ.